ಎಡಗೈ ನೂಲು

ಸಂತೆಯ ಬಾಯಿಗೆ ಬಂದು ನಿಂತ ಮೇಲೆ ಚಿತ್ತಪ್ಪನಿಗೆ ಕಂಬಳಿ ಸಾಲಿನ ಕಡೆ ಕಾಲು ಎತ್ತಿಡಲಾಗಲಿಲ್ಲ. ಹಟ್ಟಿಯಿಂದ ಹೊರಟಾಗ ಎಲ್ಲ ಸಲೀಸಾಗಿತ್ತು. ನೇರ ಹೋಗುವುದು, ಕಂಬಳಿ ವ್ಯಾಪಾರದ ಬುಡೇನ್ ಸಾಬನ ಮುಂದೆ ನಿಲ್ಲುವುದು, ಹೋದ ವಾರ ನಿನಗೆ ಕೊಟ್ಟ ಐದು ಕಂಬಳಿಯಲ್ಲಿ ಒಂದನ್ನು ನನಗೇ ತಿರುಗಿ ಕೊಡು ಎಂದು ಕೇಳಿಬಿಡುವುದು. ಸರ್ಕಾರಿ ದನ ಮೇಯುವ ವರವು ಕಾವಲಿನ ಹುಲ್ಲಿನಲ್ಲಿ ನಡೆಯುತ್ತ, ಆ ದನಗಳು ಇನ್ನೂ ಮಂಜಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಹೊತ್ತಿನಲ್ಲಿ, ಆ ಮಾತನ್ನು ಅವನು ಎಷ್ಟು ಸಲ ಬಾಯಲ್ಲಿ ಹೊರಳಿಸಿದ್ದನೆಂದರೆ ಚಳ್ಳಕೆರೆಯ ಹೊಗೆ ಕಾಣುವಷ್ಟರಲ್ಲಿ ಅದು ಸವೆದು ಸವೆದು ಬೇರೆ ಯಾರೋ ಆಡಿದ ಮಾತಿನಂತೆ ಕೇಳತೊಡಗಿತ್ತು. ಯಾಕೆ ಎಂದು ಸಾಬ ಕೇಳಿದರೆ? ಕೇಳದೆ ಬಿಡುವ ಜಾತಿಯಲ್ಲ ಅವನು. ನೇಯ್ದವನೇ ಬಂದು ತನ್ನ ಕಂಬಳಿ ಕೊಳ್ಳುವುದು ಎಲ್ಲಾದರೂ ಉಂಟೇ. ಸೊಂಟದ ಗಂಟಿನಲ್ಲಿ ಸಾಬ ಕೊಟ್ಟ ದುಡ್ಡೇ ಇತ್ತು, ಮುರಿಸಿರಲಿಲ್ಲ. ಅದನ್ನೊಮ್ಮೆ ಮುಟ್ಟಿ ನೋಡಿಕೊಂಡು, ಇನ್ನೂ ಹೊತ್ತಿದೆ, ಆಮೇಲೆ ಹೋದರಾಯಿತು ಎಂದು ಚಿತ್ತಪ್ಪ ಉಪ್ಪಿನವರ ಸಾಲಿನ ಕಡೆ ತಿರುಗಿದ.

ಉಪ್ಪು ಬೇಕಿರಲಿಲ್ಲ. ಒಂಟಿ ಮನುಷ್ಯನಿಗೆ ಒಂದು ಸೇರು ಉಪ್ಪು ಎಷ್ಟು ದಿನ ಬರುತ್ತದೆಂಬುದು ಈ ಮೂರು ತಿಂಗಳಲ್ಲಿ ಅವನಿಗೆ ಗೊತ್ತಾಗಿತ್ತು. ಆದರೂ ನಿಂತ. ಉಪ್ಪಿನ ರಾಶಿಯ ಮೇಲೆ ಬಿಸಿಲು ಬಿದ್ದು ಕಣ್ಣು ಚುಚ್ಚುತ್ತಿತ್ತು. ಆಚೆಗೆ ಬೆಲ್ಲದ ಅಚ್ಚುಗಳ ಮೇಲೆ ಜೇನುನೊಣ, ಅದರಾಚೆ ಒಣಮೆಣಸಿನಕಾಯಿಯ ಕೆಂಪು, ಸೀಮೆ ಎಣ್ಣೆಯ ಹೊಸ ಡಬ್ಬಗಳು, ರಾಯದುರ್ಗದ ಕಡೆಯವನೊಬ್ಬ ಹುಣಸೆಹಣ್ಣಿನ ಪಿಂಡಿಗಳ ನಡುವೆ ಕೂತು, "ಏಮಣ್ಣಾ, ಎಂತ ಕಾವಾಲ? ಎಷ್ಟು ಬೇಕು ಹೇಳು" ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗುತ್ತಿದ್ದ. ಮೊಳಕಾಲ್ಮೂರಿನ ಸೀರೆಯವನು ಮರದ ಪೆಟ್ಟಿಗೆಯ ಮುಚ್ಚಳವನ್ನು ಅರ್ಧ ಮಾತ್ರ ತೆಗೆದು, ಒಳಗಿನ ಹೊಳಪನ್ನು ಯಾರು ನೋಡಬೇಕು ಯಾರು ನೋಡಬಾರದು ಎಂದು ಮುಖ ನೋಡಿ ತೀರ್ಮಾನಿಸುತ್ತಿದ್ದ. ಚಿತ್ತಪ್ಪನನ್ನು ನೋಡಿ ಮುಚ್ಚಳ ಹಾಕಿದ. ಅವಮಾನವೆನ್ನಿಸಬೇಕಿತ್ತು, ಅನ್ನಿಸುವ ಮೊದಲೇ ನೆನಪಾಯಿತು, ಹೆಂಡತಿ ಕೊಲ್ಲಾಪುರಮ್ಮ ಈ ಮುಚ್ಚಳ ಬೀಳುವ ಮುಂಚೆಯೇ ಬಗ್ಗಿ ನೋಡಿರುತ್ತಿದ್ದಳು.

ಅವಳು ಸಂತೆಗೆ ಬಂದರೆ ಇದೇ ದಾರಿ ಹಿಡಿಯುತ್ತಿದ್ದಳು. ಉಪ್ಪು, ಬೆಲ್ಲ, ಮೆಣಸಿನಕಾಯಿ, ಸೀರೆ, ಕೊನೆಗೆ ಬಳೆ. ಒಂದನ್ನೂ ಕೊಳ್ಳದೆ, ಒಂದನ್ನೂ ಬಿಡದೆ. ಬೆಲೆ ಕೇಳುತ್ತಿದ್ದಳು, ಮುಟ್ಟುತ್ತಿದ್ದಳು, ಮೂಸುತ್ತಿದ್ದಳು. ಮಾರುವವಳ ಮಗಳು ಹೆತ್ತಳೇ, ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸಿ ಮುಂದಕ್ಕೆ ಹೋಗುತ್ತಿದ್ದಳು. ಚಿತ್ತಪ್ಪನಿಗೆ ಪ್ರಾಣ ಹೋದಂತಾಗುತ್ತಿತ್ತು. ಅವನು ಹತ್ತು ಮಾರು ಮುಂದೆ ನಡೆಯುತ್ತಿದ್ದ, ಯಾರದೋ ಹೆಂಗಸು ಎಂಬಂತೆ. ಬಳೆಗಾರನೊಬ್ಬ, "ಮುಟ್ಟಿ ಮುಟ್ಟಿ ನಮ್ಮ ಬಳೆ ಸವೆದೋದ್ವು ಕಣವ್ವಾ, ಒಂದು ಜತೆಯಾದ್ರೂ ತೊಟ್ಕ" ಎಂದು ಗಟ್ಟಿಯಾಗಿ ಅಂದು ಸುತ್ತಲಿನವರೆಲ್ಲ ನಕ್ಕಾಗ ಅವನು ತಿರುಗಿಯೂ ನೋಡಿರಲಿಲ್ಲ. ಹಿಂದಿನಿಂದ ಅವಳ ದನಿ ಮಾತ್ರ ಕೇಳಿತ್ತು: "ಕಣ್ಣಿಗೆ ತೊಟ್ಕಂಡೆ ಬಿಡಪ್ಪಾ, ನಿನ್ನ ಬಳೆ ತಣ್ಣಗಿರ್ಲಿ." ಅವಳ ದನಿಯಲ್ಲಿ ನೋವಿರಲಿಲ್ಲ. ಅದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತ್ತು. ಮನೆಗೆ ಬಂದು, "ಊರ ಮುಂದೆ ಮಾನ ಕಳೀತೀಯ. ತಗಳ್ಳಂಗಿಲ್ಲ ಅಂದ್ರೆ ಯಾಕೆ ಹೋಗ್ತೀಯಾ ಸಂತೆಗೆ?" ಎಂದು ಕೇಳಿದ್ದಕ್ಕೆ ಅವಳು ಒಲೆಗೆ ಕಡ್ಡಿ ತುರುಕುತ್ತ, "ನೋಡಾಕೆ" ಅಂದಿದ್ದಳು, ಅಷ್ಟೇ. ಕಡ್ಡಿ ತುರುಕುತ್ತಿದ್ದದ್ದು ಎಡಗೈ. ಅದಕ್ಕೂ ಅವನು ಬೈದಿದ್ದ.

ಆ ಎಡಗೈ. ಮದುವೆಯಾಗಿ ಬಂದ ವರ್ಷವೇ ಅವನಿಗೂ ಅವನ ಅವ್ವನಿಗೂ ಅದು ಕಣ್ಣಿಗೆ ಬಿದ್ದದ್ದು. ಹಟ್ಟಿಯ ಹೆಂಗಸರೆಲ್ಲ ಬಲತೊಡೆಯ ಮೇಲೆ ಬಲಗೈಯಲ್ಲಿ ಕದಿರನ್ನು ಉಜ್ಜಿ ತಿರುಗಿಸಿ ಉಣ್ಣೆ ನೂಲುತ್ತಿದ್ದರು. ಇವಳು ಎಡತೊಡೆಯ ಮೇಲೆ ಎಡಗೈಯಲ್ಲಿ. ನೋಡುವವರಿಗೆ ಅದು ತಮಾಷೆ. ನೇಯುವವನಿಗೆ ಅಲ್ಲ. ಎಡಗೈಯಲ್ಲಿ ನೂತ ಎಳೆಯ ಹುರಿ ಉಳಿದವರ ಹುರಿಗೆ ತಿರುಗುಮುರುಗು. ಅಂಥ ನೂಲನ್ನು ಉಳಿದ ನೂಲಿನ ಜೊತೆ ಮಗ್ಗದ ಉದ್ದದ ಎಳೆಗೆ ಹಾಕಿದರೆ ಕಂಬಳಿಯ ಮೈ ಒಂದೇ ಸಮ ಬರುವುದಿಲ್ಲ. ಓರೆ ಬಿಸಿಲಿಗೆ ಹಿಡಿದಾಗ ಪಟ್ಟೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಚಿತ್ತಪ್ಪನ ಕಂಬಳಿಗೆ ನೀರು ಹೊಯ್ದರೆ ಮುಂಜಾನೆವರೆಗೆ ತಳಕ್ಕೆ ಇಳಿಯುವುದಿಲ್ಲ ಎಂದು ಮೊಳಕಾಲ್ಮೂರಿನ ತನಕ ಹೆಸರಿತ್ತು. ಅಂಥವನ ಮನೆಯಲ್ಲಿ ಎಡಹುರಿ. ಅವ್ವ ಅವಳ ಎಡಗೈಗೆ ಹಳೆಯ ಬಟ್ಟೆ ಸುತ್ತಿ ಕಟ್ಟಿ ನೂಲಲು ಕೂರಿಸಿದಳು. ಕಟ್ಟಿದ್ದು ಅವ್ವ; ಗಂಟು ಸಡಿಲವಾಗಿದೆ ನೋಡು ಎಂದು ತೋರಿಸಿದ್ದು ತಾನು. ಬಲಗೈಯಲ್ಲಿ ಅವಳು ನೂತದ್ದು ಗಂಟುಗಂಟಾಗಿ ಬರುತ್ತಿತ್ತು. ಅದನ್ನು ಕುರಿ ಕಟ್ಟುವ ಹಗ್ಗಕ್ಕೆ ಹಾಕಿದರು. ಕೊನೆಯವರೆಗೂ ಅವಳ ನೂಲು ಹಗ್ಗಕ್ಕೇ ಹೋಯಿತು. ಕಂಬಳಿಗೆ ಬೇಕಾದ್ದನ್ನು ಅವನು ಹಟ್ಟಿಯ ಬೇರೆ ಹೆಂಗಸರಿಂದ ಕೂಲಿ ಕೊಟ್ಟು ನೂಲಿಸಿದ. ತನ್ನ ಮನೆಯ ಅಂಗಳದಲ್ಲೇ, ಅವಳ ಕಣ್ಣ ಮುಂದೆಯೇ.

ಅವಳನ್ನು ಮಣ್ಣು ಮಾಡಿ ಬಂದು ಹನ್ನೊಂದು ದಿನ ಕಳೆದ ಮೇಲೆ ಅಟ್ಟದಲ್ಲಿ, ಪ್ಲೇಗಿನ ವರ್ಷ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗುವಾಗ ಸಾಮಾನು ತುಂಬಿದ್ದ ಹಳೆಯ ಪುಟ್ಟಿಯೊಂದು ಸಿಕ್ಕಿತು. ಒಳಗೆ ಉಂಡೆ ಉಂಡೆ ನೂಲು. ಕಾವಲಿನ ಬೇಲಿ, ಕಾರೆಮುಳ್ಳು, ಜಾಲಿಗಿಡ, ಎಲ್ಲೆಲ್ಲಿ ಕುರಿ ಉಜ್ಜಿ ಹೋಗಿ ಉಣ್ಣೆ ಸಿಕ್ಕಿಕೊಂಡಿರುತ್ತಿತ್ತೋ ಅಲ್ಲೆಲ್ಲ ಅವಳು ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದುದನ್ನು ಅವನು ನೋಡಿದ್ದ, ಅದಕ್ಕೂ ನಾಚಿದ್ದ. ಆ ಉಣ್ಣೆ ಎಲ್ಲಿ ಹೋಗುತ್ತದೆಂದು ಕೇಳಿರಲಿಲ್ಲ. ಹೆಬ್ಬೆರಳಿನಲ್ಲಿ ಎಳೆಯನ್ನು ಉಜ್ಜಿ ನೋಡಿದ. ಎಡಹುರಿ. ಅವನ ಕೈಗೆ ಅಷ್ಟು ಸಣ್ಣ, ಅಷ್ಟು ಸಮ ನೂಲು ಯಾವತ್ತೂ ಬಂದಿರಲಿಲ್ಲ. ಅಟ್ಟದ ಏಣಿಯ ಮೇಲೆ ಅವನು ಎಷ್ಟು ಹೊತ್ತು ಕೂತಿದ್ದನೋ. ಇಳಿದು ಬಂದವನು ಯಾರಿಗೂ ಹೇಳದೆ ಅದನ್ನು ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ. ಇದ್ದದ್ದು ಪೂರ್ತಿ ಕಂಬಳಿಗೆ ಸಾಲದು. ಒಂದು ಗೇಣು ಅವಳದು, ಒಂದು ಗೇಣು ಕೂಲಿಯವರದು ಎಂದು ಮಗ್ಗಕ್ಕೇರಿಸಿದ. ಪಟ್ಟೆ ಬರುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಂದರೂ ಬರಲಿ, ಮಾರುವುದಕ್ಕಲ್ಲವಲ್ಲ, ಹೊದೆದು ಮಲಗುವುದಕ್ಕೆ, ಅಂದುಕೊಂಡಿದ್ದ.

ಆದರೆ ಮಗ್ಗದಿಂದ ಇಳಿಸಿ ಅಂಗಳದಲ್ಲಿ ಹರವಿದ ದಿನ ತಮ್ಮ ಕ್ಯಾತಣ್ಣ ಬಂದು ಬೈಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಇದೇನಣ್ಣಾ, ಉಳುಮೆ ಸಾಲು ಬಿದ್ದಂಗೈತೆ! ನಿನ್ನ ಕೈನೂ ಸೋಲ್ತಾ?" ಎಂದ. ಚಿತ್ತಪ್ಪ ಅದನ್ನು ಮಡಿಚಿ ಒಳಗಿಟ್ಟ. ಮಾರನೆಯ ದಿನವೇ ಬುಡೇನ್ ಸಾಬ ಹಟ್ಟಿಗೆ ಬಂದದ್ದು. ಕೊಡಬೇಕಾಗಿದ್ದದ್ದು ನಾಲ್ಕು. ಐದನೆಯದು ಮೂಲೆಯಲ್ಲಿತ್ತು, ಸಾಬನೇ ಎಳೆದುಕೊಂಡು ಬಿಚ್ಚಿ, "ಇದು ಯಾರ ನೂಲು ಚಿತ್ತಪ್ಪಣ್ಣ? ಬೇರೆ ಥರಾ ಐತಲ್ಲ" ಎಂದು ಕೇಳಿದ. ಕ್ಯಾತಣ್ಣ ಬಾಗಿಲಲ್ಲಿ ನಿಂತಿದ್ದ. "ಯಾರೋ ಕೂಲಿ ಹೆಂಗಸು ನೂತದ್ದು. ಕೆಟ್ಟೋಗೈತೆ. ಒಯ್ಯಿ ಅದನ್ನೂ" ಎಂದು ಚಿತ್ತಪ್ಪನ ಬಾಯಿ ಹೇಳಿತು. ಹೇಳಿ ಮುಗಿಸಿದ ಮೇಲೆ ಅವನಿಗೆ ಕೇಳಿಸಿದ್ದು. ಅವತ್ತಿನಿಂದ ನಿನ್ನೆಯವರೆಗೆ ಊಟ ಮಾಡಲು ಕೂತರೂ, ಮಗ್ಗದ ಗುಂಡಿಗೆ ಕಾಲಿಳಿಸಿದರೂ, ಯಾರೋ ಕೂಲಿ ಹೆಂಗಸು ಎಂಬುದು ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು.

ಬಳೆಗಾರರ ಸಾಲು ಬಂದಿತ್ತು. ಚಿತ್ತಪ್ಪ ನಿಂತು ನೋಡಿದ. ಹಸಿರು, ಕೆಂಪು, ನೀರಿನ ಬಣ್ಣದವು. ಇಷ್ಟು ವರ್ಷ ಸಂತೆಗೆ ಬಂದವನು ಬಳೆಯನ್ನು ನೋಡಿಯೇ ಇರಲಿಲ್ಲವೆಂಬುದು ಹೊಳೆದು ವಿಚಿತ್ರವೆನ್ನಿಸಿತು. ಒಂದರ ಮೇಲೆ ಬೆರಳಿಟ್ಟ. "ಅಜ್ಜಾ, ಯಾರಿಗೆ? ಅಳತೆ ಹೇಳು" ಎಂದ ಬಳೆಗಾರ. ಅಳತೆ? ಅವಳ ಕೈಯ ಅಳತೆ ಅವನಿಗೆ ಗೊತ್ತಿರಲಿಲ್ಲ. ಅಂಗೈಯನ್ನು ಗಾಳಿಯಲ್ಲಿ ದುಂಡಗೆ ಮಾಡಿ ನೋಡಿದ, ಕೈಬಿಟ್ಟ, ಮುಂದಕ್ಕೆ ಹೋದ. ಹಿಂದಿನಿಂದ ಬಳೆಗಾರ ಪಕ್ಕದವನಿಗೆ, "ಈ ವಯಸ್ನಾಗೂ ಐತಲ್ಲಪ್ಪಾ ಆಸೆ" ಎಂದದ್ದು, ನಗೆಯೆದ್ದದ್ದು ಕೇಳಿತು.

ಕಂಬಳಿ ಸಾಲಿಗೆ ಬಂದಾಗ ಹೊತ್ತು ನೆತ್ತಿ ದಾಟಿ ವಾಲಿತ್ತು. ಬುಡೇನ್ ಸಾಬನದು ಕೊನೆಯ ಅಂಗಡಿ. ಅವನು ಗಿರಾಕಿಯೊಬ್ಬನ ಕೂಡೆ ಜಗಳದ ಹಾಗೆ ಚೌಕಾಸಿ ನಡೆಸಿದ್ದ. ಚಿತ್ತಪ್ಪ ಎದುರಿಗೆ ಹೋಗದೆ ಪಕ್ಕಕ್ಕೆ ನಿಂತು ರಾಶಿಯ ಅಂಚುಗಳನ್ನು ಹೆಬ್ಬೆರಳಲ್ಲಿ ಸವರತೊಡಗಿದ. ಕಣ್ಣು ಬೇಕಾಗಿರಲಿಲ್ಲ. ಇದು ಹಿರಿಯೂರಿನ ಕಡೆಯದು, ಇದು ಅವಸರದ ಕೈ, ಇದು ತನ್ನದೇ. ಆಮೇಲೆ ರಾಶಿಯ ತಳದ ಹತ್ತಿರ ಬೆರಳು ತಟ್ಟನೆ ನಿಂತಿತು. ಎಳೆ ಆ ಕಡೆಗೆ ಓಡುತ್ತಿತ್ತು. ಮುಂದಿನ ಗೇಣು ಈ ಕಡೆಗೆ. ಮತ್ತೆ ಆ ಕಡೆಗೆ. ಆ ಕಂಬಳಿ ಇನ್ನೂ ಬೇರೆಯವರ ಕೈಗೆ ಹೋಗಿರಲಿಲ್ಲ. ಅವನು ಹಾಗೆಯೇ ಕೈಯಿಟ್ಟುಕೊಂಡು ನಿಂತ.

"ಅರೇ, ಚಿತ್ತಪ್ಪಣ್ಣ!" ಸಾಬ ನೋಡಿಬಿಟ್ಟಿದ್ದ. "ಕಂಬಳಿಯೋರೇ ಕಂಬಳಿ ತಗಳ್ಳಾಕೆ ಬಂದ್ರೆ ನಮ್ಮ ಹೊಟ್ಟೆಗೇನಪ್ಪಾ ಗತಿ? ಏನು, ಬಂದದ್ದು?"

"ಸುಮ್ನೆ," ಎಂದ ಚಿತ್ತಪ್ಪ. ಬೆಳಗಿನಿಂದ ಹೊತ್ತು ತಂದ ಮಾತು ಎಲ್ಲಿಯೋ ಬಿದ್ದುಹೋಗಿತ್ತು. "ನೋಡಾಕೆ."

"ನೋಡು, ನೋಡು. ನೋಡಾಕೆ ಕಾಸು ಕೊಡಂಗಿಲ್ಲ."

ಅಷ್ಟರಲ್ಲಿ ಒಬ್ಬಳು ಗಟ್ಟಿಮುಟ್ಟಾದ ಹೆಂಗಸು, ಹಿಂದೆ ಅವಳ ಗಂಡ, ಇಬ್ಬರೂ ಧೂಳಿನ ಕಾಲಲ್ಲಿ ಬಂದು ನಿಂತರು. "ಬಾ ಬೊಮ್ಮಣ್ಣ, ಬಾ ಪಾಪಕ್ಕ, ಪರಶುರಾಂಪುರದಿಂದ ಈಗ ಬಂದ್ರಾ?" ಎಂದು ಸಾಬ ಕರೆದ.

"ಬಂದು ಯಾವ ಕಾಲ ಆತು," ಎಂದ ಬೊಮ್ಮಣ್ಣ. "ಇವಳು ಸಂತೇನೆಲ್ಲ ಮುಟ್ಟಿ ಮುಗಿಸಿ ಈಗ ನಿನ್ನತ್ರ ಬಂದವ್ಳೆ. ಬೇಗ ಒಂದು ಕರೀ ಕಂಬಳಿ ಕೊಡು ಮಾರಾಯ. ಮಗನ ಮದ್ವೆ. ಗದ್ದಿಗೆಗೆ ಹಾಸಬೇಕು."

"ಬೇಗ ಅಂತೆ ಬೇಗ," ಪಾಪಕ್ಕ ಕೂತೇ ಬಿಟ್ಟಳು. "ಗಂಡು ಹೆಣ್ಣು ಕೂರೋ ಕಂಬಳಿ. ದೇವರ ಮುಂದೆ ಹಾಸೋದು. ಕುರಿ ಹಿಂದೆ ಹೊದ್ಕಂಡು ಹೋಗೋ ಕಂಬಳಿಯಲ್ಲ. ಒಂದು ಕಲೆ, ಒಂದು ತಪ್ಪು ಇರಬಾರ್ದು."

ಅವಳು ಒಂದೊಂದನ್ನೇ ಎಳೆದು ಬಿಚ್ಚಿ, ಮೂಸಿ, ಕೆನ್ನೆಗೆ ಒತ್ತಿಕೊಂಡು ಪಕ್ಕಕ್ಕಿಟ್ಟಳು. ಚಿತ್ತಪ್ಪ ಆ ಕೈಯನ್ನೇ ನೋಡುತ್ತಿದ್ದ. ರಾಶಿ ಇಳಿಯುತ್ತಿತ್ತು. ಈಗ ಹೇಳಿಬಿಡಬೇಕು, ಅದು ನನಗೆ ಎಂದು. ಈಗ. ಪಾಪಕ್ಕ ತಳದ ಕಂಬಳಿಯನ್ನು ಎಳೆದಳು. ಬಿಚ್ಚಿದಳು. ಎದ್ದು ನಿಂತು ಎರಡು ಕೈಯಲ್ಲಿ ಎತ್ತಿ ಹಿಡಿದಳು. ವಾಲಿದ ಬಿಸಿಲು ಕಪ್ಪು ಉಣ್ಣೆಯ ಮೇಲೆ ಅಡ್ಡಲಾಗಿ ಹಾಯಿತು, ಪಟ್ಟೆಗಳು ಎದ್ದವು. ಒಂದು ಹೊಳೆದು ಒಂದು ಆರಿ, ಒಂದು ಹೊಳೆದು ಒಂದು ಆರಿ, ಅವಳು ಅಲುಗಿಸಿದ ಹಾಗೆ ಜಾಗ ಬದಲಾಯಿಸುತ್ತ.

"ಅಯ್ಯೋ ನೋಡ್ರಿ ಇಲ್ಲಿ!" ಎಂದಳು ಪಾಪಕ್ಕ. "ಇದೇನಿದು, ಗಾಳಿಗೆ ಹುಲ್ಲು ಆಡಿದಂಗೆ."

"ನಂಗೇನೂ ಕಾಣ್ತಿಲ್ಲ," ಎಂದ ಬೊಮ್ಮಣ್ಣ.

"ನಿಂಗೆ ಯಾವತ್ತು ಕಂಡೈತೆ." ಅವಳು ಸಾಬನನ್ನು ಕೇಳಲಿಲ್ಲ. ಮಾರುವವನನ್ನು ಕೇಳಿ ಏನು ಉಪಯೋಗ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಮುದುಕನ ಕಡೆ ತಿರುಗಿದಳು. "ಅಣ್ಣಾ, ನಿನ್ನ ಕೈ ನೋಡಿದ್ರೆ ಮಗ್ಗದೋರಂಗೆ ಕಾಣ್ತೀಯ. ದೇವರಾಣೆ ಮಾಡಿ ಹೇಳು. ಇದು ತಪ್ಪಾ, ಬೇಕಂತ ಮಾಡಿದ್ದಾ?"

ತಪ್ಪು. ಆ ಮಾತು ಅವನ ನಾಲಿಗೆಯ ಮೇಲೆ ಎಷ್ಟೋ ವರ್ಷಗಳಿಂದ ಕೂತಿತ್ತು, ಹೊಸದಾಗಿ ಹುಡುಕಬೇಕಾಗಿರಲಿಲ್ಲ. ತಪ್ಪು ಎಂದರೆ ಸಾಕು. ಸುಳ್ಳೂ ಅಲ್ಲ, ಕಸಬು ಬಲ್ಲ ಯಾರನ್ನು ಕೇಳಿದರೂ ಅದನ್ನೇ ಹೇಳಿಯಾರು. ಇವಳು ಕಂಬಳಿಯನ್ನು ಕೆಳಗಿಡುತ್ತಾಳೆ. ಇವರು ಹೋಗುತ್ತಾರೆ. ಸಾಬ ನಗುತ್ತ ಕಡಿಮೆಗೇ ಕೊಡುತ್ತಾನೆ. ಹೊತ್ತು ಮುಳುಗುವುದರೊಳಗೆ ಅದು ತನ್ನ ಹೆಗಲ ಮೇಲೆ ಇರುತ್ತದೆ, ಇನ್ನು ತಾನು ಇರುವಷ್ಟು ದಿನವೂ. ಇನ್ನೊಂದು ಸಲ, ಬರೀ ಒಂದೇ ಒಂದು ಸಲ ಅವಳ ಕೈಯನ್ನು ತಪ್ಪು ಎಂದುಬಿಟ್ಟರೆ.

ಪಾಪಕ್ಕ ಕಾಯುತ್ತಿದ್ದಳು. ಕಂಬಳಿ ಅವಳ ಕೈಯಲ್ಲಿ ಆಡುತ್ತಿತ್ತು.

"ಬೇಕಂತ ಮಾಡಿದ್ದು," ಎಂದ ಚಿತ್ತಪ್ಪ. ದನಿ ಒರಟಾಗಿ ಬಂತು. ಹತ್ತಿರ ಹೋಗಿ ಒಂದು ಪಟ್ಟೆಯ ಮೇಲೆ ಬೆರಳಿಟ್ಟ. "ಇದು ಬಲಗೈ ನೂಲು. ಎಲ್ರೂ ನೂಲ್ತಾರೆ ಇದನ್ನ. ಇದು ನೋಡು, ಎಡಗೈದು. ಎಷ್ಟು ಸಣ್ಣಗೈತೆ ನೋಡು. ಒಂದು ಗಂಟು ಹುಡುಕು ಇದ್ರಾಗೆ. ಇಂಥಾ ನೂಲು ನಾನು ಹುಟ್ಟಿದಾಗಿಂದ ಮುಟ್ಟಿಲ್ಲ."

"ಯಾರಣ್ಣಾ ನೂತದ್ದು?"

ಬುಡೇನ್ ಸಾಬನ ತಲೆ ಈ ಕಡೆ ತಿರುಗಿತು.

"ನನ್ನ ಹೆಣ್ತಿ."

"ಏನಣ್ಣಾ ಆಯಕ್ಕನ ಹೆಸ್ರು?"

ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿರಲಿಲ್ಲ. ಏಯ್ ಎನ್ನುತ್ತಿದ್ದ, ಕೇಳಿತೇನೇ ಎನ್ನುತ್ತಿದ್ದ. ಬಾಯೊಳಗೆ ಆ ಹೆಸರಿಗೆ ಜಾಗ ಹುಡುಕಬೇಕಾಯಿತು. "ಕೊಲ್ಲಾಪುರಮ್ಮ," ಎಂದ. ಸಂತೆಯ ಗದ್ದಲದಲ್ಲಿ ಅದು ಚಿಕ್ಕದಾಗಿ ಕೇಳಿತು. ಕೇಳಿಸಲಿಲ್ಲವೇನೋ ಎಂದು ಮತ್ತೊಂದು ಸಲ ಗಟ್ಟಿಯಾಗಿ ಹೇಳಿದ.

"ಒಳ್ಳೇ ಕೈ," ಎಂದಳು ಪಾಪಕ್ಕ ಕಂಬಳಿಯನ್ನು ಕೆನ್ನೆಗೊತ್ತಿ. "ಮಗಳ ಮದ್ವೆಗೂ ಇಂಥದ್ದೇ ಒಂದು ಬೇಕು. ಈಗ್ಲೂ ನೂಲ್ತಾಳಾ ಆಯಕ್ಕ?"

ಇದೊಂದು ಬಾಗಿಲು ಇನ್ನೂ ತೆರೆದಿತ್ತು. ಸತ್ತಳು ಎಂದರೆ ಸಾಕು. ಸತ್ತವಳು ನೂತದ್ದನ್ನು ಮದುಮಕ್ಕಳ ಕೆಳಗೆ ಯಾರೂ ಹಾಸರು. ಕಂಬಳಿ ಅವನ ಕಡೆಗೇ ಬರುತ್ತದೆ, ನಿಜ ಹೇಳಿದ ಸಮಾಧಾನದ ಸಮೇತ. ಚಿತ್ತಪ್ಪ ಪಾಪಕ್ಕನ ಮುಖ ನೋಡಿದ. ಕುರುಬರ ಹೆಣ್ಣೊಬ್ಬಳು ಎಲ್ಲೋ ಒಂದು ಹಟ್ಟಿಯಲ್ಲಿ ಎಡಗೈಯಲ್ಲಿ ನೂಲುತ್ತ ಕೂತಿರುವುದನ್ನು ಅವಳು ಆಗಲೇ ಕಾಣುತ್ತಿದ್ದಳು. ಅಷ್ಟು ಸ್ಪಷ್ಟವಾಗಿ ಅವನೂ ಯಾವತ್ತೂ ಕಂಡಿರಲಿಲ್ಲ.

"ಇಲ್ಲಮ್ಮ," ಎಂದ. "ಈಗ ಬಿಟ್ಟವ್ಳೆ."

ಬೊಮ್ಮಣ್ಣ ಸಾಬನ ಜೊತೆ ಚೌಕಾಸಿಗಿಳಿದ. ಅದು ಮುಗಿದು, ಕಂಬಳಿ ನಾಲ್ಕು ಮಡಿಕೆಯಾಗಿ ಪಾಪಕ್ಕನ ಹೆಗಲೇರಿ, ಜನದ ನಡುವೆ ಒಂದು ಕಪ್ಪು ಚೌಕವಾಗಿ, ಆಮೇಲೆ ಅದೂ ಇಲ್ಲವಾಗುವವರೆಗೆ ಚಿತ್ತಪ್ಪ ನೋಡಿದ. ಅಳು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಹೊಟ್ಟೆಯಲ್ಲಿ ಒಂದು ನಮೂನೆಯ ತಂಪಿತ್ತು, ನಡೆದು ದಣಿದು ಬಂದು ನೀರು ಕುಡಿದ ಮೇಲಿನದು.

ಸಾಬ ಎಲೆ ಅಡಿಕೆ ಮುಂದಿಟ್ಟ. "ಹೋದ ವಾರ ಯಾರೋ ಕೂಲಿ ಹೆಂಗಸಿನದು ಅಂದಿದ್ದೆ."

"ಹೂಂ. ಅಂದಿದ್ದೆ."

"ನಂಗೆ ಗೊತ್ತಿತ್ತು ಬಿಡು. ಇಪ್ಪತ್ತು ವರ್ಷದಿಂದ ಬರ್ತೀನಿ ನಿಮ್ಮ ಹಟ್ಟಿಗೆ. ಆಯಮ್ಮ ಎಡಗೈಲಿ ಚೊಂಬು ನೀಡೋದು, ನೀನು ಬಯ್ಯೋದು." ಸಾಬ ಎಲೆಗೆ ಸುಣ್ಣ ಸವರುತ್ತಿದ್ದ, ಮುಖ ಎತ್ತಲಿಲ್ಲ. "ನೀರು ತಣ್ಣಗೇ ಇರ್ತಿತ್ತು ಚಿತ್ತಪ್ಪಣ್ಣ."

ಚಿತ್ತಪ್ಪ ಎಲೆ ತೆಗೆದುಕೊಂಡ. ಬಾಯಿಗೆ ಹಾಕಿಕೊಳ್ಳದೆ ಕಿವಿಯ ಮೇಲೆ ಸಿಕ್ಕಿಸಿಕೊಂಡು ಎದ್ದ.

ಬಂದ ದಾರಿಯಲ್ಲೇ ತಿರುಗಿದ. ಬಳೆ, ಸೀರೆ, ಮೆಣಸಿನಕಾಯಿ, ಬೆಲ್ಲ, ಉಪ್ಪು. ಸಂತೆ ಮುರಿಯುತ್ತಿತ್ತು. ಸೀರೆಯವನು ಪೆಟ್ಟಿಗೆ ಕಟ್ಟುವ ಮುನ್ನ ಒಂದು ಗಳಿಗೆ ಮುಚ್ಚಳ ತೆಗೆದಿದ್ದ. ಚಿತ್ತಪ್ಪ ಬಗ್ಗಿ ನೋಡಿದ. ಒಳಗೆ ನವಿಲುಗತ್ತಿನ ಬಣ್ಣದ್ದೊಂದು, ಅಂಚಿನಲ್ಲಿ ಸಣ್ಣ ಸಣ್ಣ ಗಿಳಿ. ಇದನ್ನು ಹೇಳಬೇಕು ಅನ್ನಿಸಿತು. ಯಾರಿಗೆ ಎಂದು ಆಮೇಲೆ ಹೊಳೆಯಿತು. ಸಂತೆಯಿಂದ ಬಂದ ಬೈಗುಗಳಲ್ಲಿ ಅವಳು ಒಲೆಯ ಮುಂದೆ ಕೂತು ಒಂದೊಂದನ್ನೇ ಹೇಳಲು ಶುರುಮಾಡುತ್ತಿದ್ದಳು, ಗಿಳಿ ಎಷ್ಟಿದ್ದವು, ಬೆಲ್ಲದ ಅಚ್ಚು ಎಷ್ಟು ದೊಡ್ಡದಿತ್ತು ಎಂದು. ಅವನು ಗೋಡೆಯ ಕಡೆ ಮಗ್ಗುಲಾಗಿ ಮಲಗಿ ನಿದ್ದೆ ಬಂದವನಂತೆ ಉಸಿರು ಬಿಡುತ್ತಿದ್ದ.

ಊರ ಹೊರಗೆ ಗಾಡಿಯಲ್ಲಿ ಹೋಗುತ್ತಿದ್ದ ಪಕ್ಕದ ಹಟ್ಟಿಯ ಜುಂಜಣ್ಣ ಎತ್ತುಗಳನ್ನು ತಡೆದು, "ಗಾಡಿ ಹತ್ತು ಮಾವಾ. ಏನ್ ತಂದೆ ಸಂತೆಯಿಂದ?" ಎಂದು ಕೇಳಿದ.

"ಏನಿಲ್ಲ."

"ಏನಿಲ್ದೆ ಇಷ್ಟು ದೂರ ಬಂದ್ಯಾ?"

"ನೋಡ್ದೆ," ಎಂದ ಚಿತ್ತಪ್ಪ. "ನೀ ಹೋಗು. ನಡ್ಕಂಡು ಬರ್ತೀನಿ."

ಗಾಡಿಯ ಧೂಳು ಅಡಗಿತು. ಕಾವಲಿನ ಹುಲ್ಲು ಇಳಿಬಿಸಿಲಿಗೆ ಒಂದು ಕಡೆ ಹೊಳೆದು ಒಂದು ಕಡೆ ಆರುತ್ತಿತ್ತು. ಬೇಲಿಯ ಕಾರೆಮುಳ್ಳಿನಲ್ಲಿ ಹಿಡಿಯಷ್ಟು ಕರಿಯುಣ್ಣೆ ಸಿಕ್ಕಿಕೊಂಡಿತ್ತು. ಚಿತ್ತಪ್ಪ ದಾಟಿ ಹೋದ. ನಾಲ್ಕು ಹೆಜ್ಜೆಗೆ ನಿಂತ. ಆ ಕಡೆ ಈ ಕಡೆ ನೋಡಿ, ತಿರುಗಿ ಬಂದು, ಬೆರಳಿಗೆ ಮುಳ್ಳು ಚುಚ್ಚಿಸಿಕೊಳ್ಳುತ್ತ ಬಿಡಿಸಿಕೊಂಡ. ಬಂಡೆಯ ಮೇಲೆ ಕೂತು ಪಂಚೆಯನ್ನು ಎಡತೊಡೆಯ ಮೇಲಕ್ಕೆ ಸರಿಸಿ, ಉಣ್ಣೆಯ ತುದಿ ಹಿಡಿದು ಎಡಗೈಯಲ್ಲಿ ಉಜ್ಜಿದ. ಕೈ ಮಾತು ಕೇಳಲಿಲ್ಲ. ಉಣ್ಣೆ ಉಂಡೆಗಟ್ಟಿತು, ಕಿತ್ತುಬಂತು. ಮತ್ತೆ ಉಜ್ಜಿದ. ಗಂಟುಗಂಟಾಗಿ, ಬೆರಳಿನಷ್ಟು ದಪ್ಪಗೆ, ಹಗ್ಗಕ್ಕೂ ಬಾರದಂಥ ಒಂದು ಗೇಣು ಎಳೆ ಬಂತು. ಇದು ಎಷ್ಟು ಕಷ್ಟದ್ದು ಎಂದು ಅವನು ಬೆರಗಾಗಿ, ತನ್ನ ಬಲಗೈ ಸುಮ್ಮನಿರಲಾರದೆ ತಾನೇ ಮುಂದೆ ಬರುತ್ತಿರುವುದನ್ನು ಕಂಡು, ಅದನ್ನು ತೊಡೆಯ ಕೆಳಗೆ ಹಾಕಿ ಅದುಮಿ ಕೂತುಕೊಂಡ.